ಅಗಿಯದ ತುತ್ತು

ಬಾಗಲಕೋಟೆಯಿಂದ ಕೆಜಿಎಫ್‌ಗೆ ಬಂದ ಮೂರನೇ ವಾರ ನನಗೊಂದು ಬೈಗುಳ ಬಿತ್ತು. ನಾನು ಮಾಡಿದ ತಪ್ಪು, ಊಟವನ್ನು ಅಗಿದದ್ದು.

"ಅಯ್ಯೋ, ಇಟ್ಟನ್ನ ಯಾರಾದ್ರೂ ಅಗೀತಾರೇನಮ್ಮ? ಸಾರಲ್ಲಿ ಅದ್ದಿ ನುಂಗ್ಬೇಕು!" ಎಂದರು ಮನೆಯೊಡತಿ ವೆಂಕಟಮ್ಮ. ರಾಗಿ ಮುದ್ದೆಗೆ ಇಲ್ಲಿ ಹಿಟ್ಟು ಎನ್ನುತ್ತಾರೆ. ಮಾತಿನಲ್ಲಿ ಅದು ಇಟ್ಟು.

ಅವರ ಅಡುಗೆಮನೆಯಲ್ಲಿ ನಾನು ಕೂತದ್ದು ಹೇಗೆಂದು ಹೇಳಿಬಿಡುತ್ತೇನೆ. ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಕೆಜಿಎಫ್‌ನದೇ ಬಡಾವಣೆಯಾದ ಊರಿಗಾಮಿನಲ್ಲಿ ಅವರದೇ ಮನೆಯ ಒಂದು ಭಾಗ ಬಾಡಿಗೆಗೆ ಹಿಡಿದಿದ್ದೆ. ನಮ್ಮ ಕಡೆ "ಊಟ ಆತೇನ್ರಿ?" ಎಂದವರಿಗೆ "ಆತ್ರಿ" ಎಂದರೆ ಮುಗಿಯಿತು. ಇಲ್ಲಿ "ಉಂಡ್ಯೇನಮ್ಮ?" ಎಂಬುದರ ಬೆನ್ನಿಗೇ "ಏನ್ ಸಾರು?" ಬರುತ್ತದೆ. ನಾನು ದಿನಕ್ಕೊಂದು ಸಾರಿನ ಹೆಸರು ಹೇಳಿ ಪಾರಾಗುತ್ತಿದ್ದೆ. ಒಂದು ಸಂಜೆ ಅವರು ಸೊಂಟಕ್ಕೆ ಕೈಕೊಟ್ಟು ನಿಂತರು. "ಸುಳ್ ಯೇಳ್ಬೇಡ. ನಮ್ಮಿಬ್ರ ಮಧ್ಯೆ ಇರೋದು ಒಂದೇ ಗೋಡೆ. ವಾರದಿಂದ ನಿನ್ ಕಡೆಯಿಂದ ಒಗ್ಗರಣೆ ವಾಸ್ನೆನೇ ಇಲ್ಲ," ಎಂದು ಕೈಹಿಡಿದು ಕರೆದೊಯ್ದು ತಮ್ಮ ಅಡುಗೆಮನೆಯಲ್ಲಿ ಕೂರಿಸಿದರು.

ನಿಜ. ನಾನು ಸರಿಯಾಗಿ ಉಂಡು ಎರಡು ವರ್ಷವಾಗಿತ್ತು. ನೋಡಲು ಬಂದ ಗಂಡಿನ ಕಡೆಯವರು "ಹುಡುಗಿ ಚೊಲೊ ಅದಾಳ, ಒಂದೀಟು ಇಳಿಸ್ರಿ" ಎಂದು ಅವಲಕ್ಕಿ ತಿನ್ನುತ್ತಲೇ ಹೇಳಿ ಹೋದರು. ಅಂದಿನಿಂದ ಅವ್ವ ರೊಟ್ಟಿ ಬಡಿಸುತ್ತಲೇ "ಸಾಕೇನ?" ಎನ್ನತೊಡಗಿದಳು. ನಾನು ಪ್ರತಿ ತುತ್ತನ್ನೂ ನಲವತ್ತು ಸಲ ಎಣಿಸಿ ಅಗಿಯತೊಡಗಿದೆ. ಸಂಬಂಧ ಮುರಿಯಿತು, ಎಣಿಕೆ ಉಳಿಯಿತು. ಕೂದಲು ಉದುರಿ, ಮುಟ್ಟು ನಿಂತಾಗಲೂ ಮಂದಿ "ಎಷ್ಟು ಚಂದ ಆಗೀದಿ" ಎಂದರು. ಆ ಹೊಗಳಿಕೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಆದರೆ ಮುದ್ದೆಯನ್ನು ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ನುಂಗಬೇಕು; ಎಣಿಸಲು ಏನೂ ಇಲ್ಲ. ಮೊದಲ ದಿನ ಕಣ್ಣಲ್ಲಿ ನೀರು ಬಂತು, ಅರ್ಧ ಉಳಿಯಿತು. "ಉಳುದ್ರೆ ಅಸ ತಿಂತದೆ. ನಾಳೆ ಬಂದು ಕುಂತ್ಕೊ, ಅಷ್ಟೇ," ಎಂದು ವೆಂಕಟಮ್ಮ ಉಳಿದದ್ದನ್ನು ಹಿತ್ತಲಿನ ಹಸುವಿನ ಬಾನಿಗೆ ಹಾಕಿದರು. ನನ್ನ ಮೈ ಬಗ್ಗೆ ಒಂದು ಮಾತೂ ಆಡಲಿಲ್ಲ.

ನುಂಗಿದ ಮಾತ್ರಕ್ಕೆ ಕಾಯಿಲೆ ಹೋಗಲಿಲ್ಲ. ಬಂಗಾರಪೇಟೆಯ ಡಾಕ್ಟರಮ್ಮನ ಹತ್ತಿರ ರೈಲಿನಲ್ಲಿ ಕರೆದೊಯ್ದದ್ದೂ ವೆಂಕಟಮ್ಮನೇ. "ಇದು ಹಟವಲ್ಲ, ಕಾಯಿಲೆ. ವಾಸಿಯಾಗುತ್ತೆ," ಎಂದರು ಡಾಕ್ಟರು. ಈಗಲೂ ಹೋಗುತ್ತಿದ್ದೇನೆ. ಮುಟ್ಟು ಮರಳಿದ ದಿನ ಸ್ನಾನದ ಕೋಣೆಯಲ್ಲಿ ಒಬ್ಬಳೇ ನಕ್ಕೆ.

ದಸರೆಗೆ ಊರಿಗೆ ಹೋದೆ. ಅವ್ವ "ಮೈ ತುಂಬೇತಿ" ಎಂದವಳೇ ನಾಲಿಗೆ ಕಚ್ಚಿಕೊಂಡಳು. ಅವಳ ರೊಟ್ಟಿ ಮುರಿದು ಬಾಯಿಗಿಟ್ಟರೆ, ಮರೆತಿದ್ದ ಎಣಿಕೆ ತಾನಾಗಿ ಶುರುವಾಯಿತು. ಹುಟ್ಟೂರಿನ ಊಟಕ್ಕೇ ಹೆದರುವುದೆಂದರೆ! ರೈಲು ಹತ್ತುವಾಗ ಹಟದಿಂದ ಜೋಳದ ಹಿಟ್ಟು ಕಟ್ಟಿಸಿಕೊಂಡು ಬಂದೆ.

ಕಳೆದ ಭಾನುವಾರ ಊರಿಗಾಮಿನ ನನ್ನ ಅಡುಗೆಮನೆಯಲ್ಲಿ ರೊಟ್ಟಿ ಬಡಿದೆ. ಸದ್ದು ಕೇಳಿ ವೆಂಕಟಮ್ಮ ಬಸ್ಸಾರಿನ ಪಾತ್ರೆ ಹಿಡಿದೇ ಬಂದರು. ರೊಟ್ಟಿಯ ಚೂರನ್ನು ಸಾರಲ್ಲಿ ಅದ್ದಿ, ರೂಢಿಯಂತೆ ನುಂಗಲು ಹೋಗಿ ಕೆಮ್ಮಿದರು.

"ಅಯ್ಯ, ನುಂಗಬ್ಯಾಡ್ರಿ, ಅಗೀರಿ!" ಎಂದೆ.

"ಓ, ಈಗ ನೀನು ನಂಗೆ ಯೇಳ್ಕೊಡ್ತೀಯಾ?" ಎಂದು ನಕ್ಕು, ಬೆಳಿಗ್ಗೆ ಹಸು ಒದ್ದು ಹಾಲು ಚೆಲ್ಲಿದ ಕಥೆ ತೆಗೆದರು. ಕಥೆ ಮುಗಿಯುವ ಹೊತ್ತಿಗೆ ನನ್ನ ತಟ್ಟೆ ಖಾಲಿಯಾಗಿತ್ತು. ಎಷ್ಟು ಸಲ ಅಗಿದೆನೋ, ನನಗೆ ಗೊತ್ತಿಲ್ಲ.