ಊರನ್ನು ಉಪವಾಸ ಕೂರಿಸಿದ ಕಲ್ಲು

ಮಹಾನಂದಾ, ರೇಣೂ, ಶಿವೂ, ನನ್ನ ಮೊಮ್ಮಕ್ಕಳೇ, ನಿಮ್ಮ ಈ ಆಯಿಗೆ ಒಂದು ಚಟವಿತ್ತು. ಗಾಬರಿಯಾಗಬೇಡಿ, ತಂಬಾಕಿನದಲ್ಲ. ಕಲ್ಲು ತಿಕ್ಕುವ ಚಟ. ಯಾರ ಜೊತೆ ಮಾತಾಡುವಾಗಲೂ ನೆಲ ನೋಡುವವಳು ನಾನು. ಹಾಗೆ ನೆಲ ನೋಡಿ ನೋಡಿಯೇ ಇದು ಹತ್ತಿಕೊಂಡಿತು.

ಸಾವಿರದ ಒಂಬೈನೂರ ಎಪ್ಪತ್ತರ ಆಚೀಚೆಯ ಮಾತು. ನಿಮ್ಮ ಮುತ್ಯಾ, ಅಂದರೆ ನನ್ನ ಯಜಮಾನರು, ತೀರಿಕೊಂಡು ಮೂರು ವರ್ಷವಾಗಿತ್ತು. ಮೋರಟಗಿಯ ನಮ್ಮ ಹಿತ್ತಲ ಗೋಡೆ ಕಟ್ಟಲು ಭೀಮಾ ನದಿಯ ಉಸುಕು ಎರಡು ಚಕ್ಕಡಿ ಬಂದು ಬಿತ್ತು. ಜರಡಿ ಹಿಡಿದಾಗ ಮೇಲೆ ಉಳಿಯುತ್ತಿದ್ದ ಹರಳುಗಳಲ್ಲಿ ಕೆಲವಕ್ಕೆ ಒಂದು ವಿಚಿತ್ರ ಗುಣ. ಒದ್ದೆ ಇದ್ದಾಗ ಮದುಮಗಳು, ಒಣಗಿದ ಕೂಡಲೇ ಸಪ್ಪೆ ಮೋರೆ. ಇವು ಯಾವಾಗಲೂ ಒದ್ದೆಯಾಗಿದ್ದಂತೆಯೇ ಕಾಣುವ ಹಾಗೆ ಮಾಡಲು ಬರುವುದಿಲ್ಲವೇ ಎಂದು ನನಗೆ ಹುಚ್ಚು ಹಿಡಿಯಿತು.

ಸಿಂದಗಿಯ ಸಂತೆಯಲ್ಲಿ ಉಂಗುರದ ಹರಳು ಮಾರುವ ಮಹಬೂಬಸಾಬರ ಮುಂದೆ ನಾಲ್ಕು ಕಲ್ಲು ಇಟ್ಟು, ನೆಲ ನೋಡುತ್ತ ನಿಂತೆ. ಅವರು ಒಂದನ್ನು ನಾಲಿಗೆಗೆ ಹಚ್ಚಿ ಒದ್ದೆ ಮಾಡಿ ನೋಡಿದರು. “ಇದು ಹಕೀಕ ಐತ್ರಿ ಅಕ್ಕಾರ, ಉಂಗುರಕ್ಕ ಕೂಡಸೂ ಹರಳು. ತಿಕ್ಕಿದ್ರ ಕಣ್ಣು ತೆರೀತೈತಿ. ಆದ್ರ ಅಷ್ಟರಾಗ ನಿಮ್ಮ ಕಣ್ಣು ಮುಚ್ಚತಾವ!” ಎಂದು ನಕ್ಕರು. ನಕ್ಕರೂ ಹೇಳಿಕೊಟ್ಟರು. ಕೋಲಿನ ತುದಿಗೆ ಅರಗು ಕಾಸಿ ಹಚ್ಚಿ ಅದರಲ್ಲಿ ಕಲ್ಲು ಕೂರಿಸಬೇಕು. ಸಾಣೆಕಲ್ಲಿನ ಮೇಲೆ ನೀರು ಹನಿಸುತ್ತ ಅದನ್ನು ತಿರುಗಿಸಿ ತಿರುಗಿಸಿ ತಿಕ್ಕಬೇಕು. ಕೆಳಗೆ ಚಪ್ಪಟೆ, ಮೇಲೆ ಗುಮ್ಮಟ. ತಟ್ಟೆಯ ಮೇಲೆ ನಿಂತ ನೀರಿನ ಹನಿಯಂತೆ. ಆಮೇಲೆ ಸೈಕಲ್ ಅಂಗಡಿಯವರು ಬಣ್ಣ ಕೆರೆಯುವ ವಾಟರ್ ಪೇಪರು, ಮೊದಲು ಒರಟು, ಕೊನೆಗೆ ನುಣುಪು. ಎಲ್ಲ ಮುಗಿದ ಮೇಲೆ ಪತ್ತಾರರು ಬಂಗಾರಕ್ಕೆ ಹೊಳಪು ಕೊಡುವ ಕೆಂಪು ಪುಡಿ ಹಚ್ಚಿದ ಚರ್ಮ.

ನನ್ನ ಮೊದಲ ಕಲ್ಲು ಮುದಿ ಎಮ್ಮೆಯ ಬೆನ್ನಿನಂತಾಯಿತು. ಎರಡನೆಯದು ಅರಗು ಬಿಟ್ಟು ಹಾರಿ ಬೇಳೆಯ ಗಡಿಗೆಗೆ ಬಿತ್ತು. ಮೂರನೆಯದು ನನ್ನ ಹೆಬ್ಬೆರಳಿನ ಉಗುರನ್ನೇ ಗುಮ್ಮಟ ಮಾಡಿತು.

ವಿಧವೆ ಹರಳು ತೊಡಬಾರದೆಂದು ಎಲ್ಲರಿಗೂ ಗೊತ್ತಿತ್ತು. ತಿಕ್ಕಬಾರದೆಂದು ಯಾರೂ ಹೇಳಿರಲಿಲ್ಲ. ಕೇಳಿದರೆ ಹೇಳಿಯಾರೆಂದು ನಾನು ಕೇಳಲೇ ಇಲ್ಲ. ಮಧ್ಯಾಹ್ನ ಅತ್ತೆ ಅಡ್ಡಾದ ಮೇಲೆ ದನದ ಕೊಟ್ಟಿಗೆಯಲ್ಲಿ ಕೂಡುತ್ತಿದ್ದೆ.

“ಏನವಾ ಅದು ಸಪ್ಪಳ?” ಅತ್ತೆ ಒಳಗಿನಿಂದಲೇ ಕೇಳುವರು.

“ಕುಡಗೋಲು ಮಸೀಲಾಕತ್ತೇನ್ರಿ ಅತ್ತಿ.”

ಇಡೀ ಸಿಂದಗಿ ತಾಲೂಕಿನಲ್ಲಿ ನಮ್ಮ ಮನೆಯಷ್ಟು ಹರಿತವಾದ ಕುಡುಗೋಲು ಇಲ್ಲವೆಂದು ಅವರು ಬಹಳ ದಿನ ನಂಬಿದ್ದರು.

ಯಾಕೆ ಅಷ್ಟು ಹುಚ್ಚು ಎನ್ನುತ್ತೀರಾ? ನೋಡಿ, ನಾನು ನಾಲ್ಕನೆಯ ಇಯತ್ತೆ ಕಲಿತವಳು, ದೊಡ್ಡ ಮಾತು ನನಗೆ ಬಾರದು. ಆದರೆ ಹುಟ್ಟಿದಾಗಿನಿಂದ ನಾವು ತಿಕ್ಕುತ್ತಲೇ ಇರುತ್ತೇವಲ್ಲ: ಪಾತ್ರೆ, ನೆಲ, ಮಕ್ಕಳ ಬೆನ್ನು. ಬೆಳಿಗ್ಗೆ ತಿಕ್ಕಿದ ಬೋಗುಣಿ ಸಂಜೆಗೆ ಮತ್ತೆ ಮಸಿ. ಕಲ್ಲು ಹಾಗಲ್ಲ. ಇವತ್ತು ತಿಕ್ಕಿದ್ದನ್ನು ಅದು ನಾಳೆಗೂ ನೆನಪಿಟ್ಟುಕೊಂಡಿರುತ್ತದೆ. ಮೊದಲ ಸಲ ಒಂದು ಕಲ್ಲಿನಲ್ಲಿ ಕೊಟ್ಟಿಗೆಯ ಬಾಗಿಲು, ಬಾಗಿಲಾಚೆಯ ಆಕಾಶ, ನನ್ನ ಮೂಗು ಎಲ್ಲ ಪುಟ್ಟದಾಗಿ ಕಂಡಾಗ ಒಬ್ಬಳೇ ಕುಣಿದುಬಿಟ್ಟೆ. ಎಮ್ಮೆ ಮೇವು ಬಿಟ್ಟು ನನ್ನನ್ನೇ ನೋಡಿತು.

ಆ ಕಲ್ಲು ಕಾಡಿಗೆಯಂತೆ ಕಪ್ಪು. ಎರಡು ತಿಂಗಳು ತಿಕ್ಕಿದ್ದು. ಎಲ್ಲೂ ಬಿಟ್ಟಿರಲಾರದೆ ಸೆರಗಿನ ಗಂಟಿನಲ್ಲೇ ಕಟ್ಟಿಕೊಂಡು ತಿರುಗುತ್ತಿದ್ದೆ.

ಹೀಗಿರುವಾಗ ನಿಮ್ಮ ತಾಯಿ ಶಾಂತಾಳನ್ನು ನೋಡಲು ಬಸವನ ಬಾಗೇವಾಡಿಯಿಂದ ಗೌರವ್ವನವರು ಮಗನನ್ನು ಕರೆದುಕೊಂಡು ಬಂದರು. ಅದಕ್ಕೂ ಮೊದಲು ಇಂಡಿ ಊರಿನ ಕಡೆಯಿಂದ ಒಂದು, ಮುದ್ದೇಬಿಹಾಳದ ಕಡೆಯಿಂದ ಒಂದು ಸಂಬಂಧ ಬಂದು ತಪ್ಪಿದ್ದವು. ತಂದೆಯಿಲ್ಲದ ಹುಡುಗಿ. ಇದೂ ತಪ್ಪಿದರೆ ಮುಂದೇನು? ಬೀಗರ ಕಾಲಿಗೆ ನೀರು ಕೊಡುವ ಗಡಿಬಿಡಿಯಲ್ಲಿ ಸೆರಗಿನ ಗಂಟು ಸಡಿಲಾದದ್ದು ನನಗೆ ತಿಳಿಯಲಿಲ್ಲ.

ಹೋಳಿಗೆ ಬಡಿಸುವ ಹೊತ್ತಿಗೆ ಬಚ್ಚಲಿನಿಂದ ಅತ್ತೆಯ ಕೂಗು: “ಯಾರದರೆ ಲಿಂಗ ಬಿದ್ದೈತಿ ನೋಡ್ರೋ!”

ಅತ್ತೆಯ ಕಣ್ಣಿಗೆ ಪರೆ ಬಂದಿತ್ತು. ಅವರದಾದರೂ ಏನು ತಪ್ಪು? ನಮ್ಮವರು ಕೊರಳಲ್ಲಿ ಕಟ್ಟಿಕೊಳ್ಳುವ ಲಿಂಗವೂ ಹಾಗೆಯೇ ಕಪ್ಪಗೆ, ದುಂಡಗೆ, ಮಿರಿಮಿರಿ. ಅದು ಕಳೆದರೆ ಸಿಗುವ ತನಕ ತುತ್ತು ಮುಟ್ಟುವಂತಿಲ್ಲ. ಎಲ್ಲರೂ ಕೊರಳು ಮುಟ್ಟಿಕೊಂಡರು. ಲಿಂಗವಿಡುವ ಕರಡಿಗೆ ಬಿಚ್ಚಿ ನೋಡಿದರು. ಎಲ್ಲರದೂ ಇತ್ತು. ಅತ್ತೆ ಅದನ್ನು ತೊಳೆದು, ವಿಭೂತಿ ಹಚ್ಚಿ, ಬೆಳ್ಳಿ ಬಟ್ಟಲಲ್ಲಿ ಕೂರಿಸಿ ಅಪ್ಪಣೆ ಮಾಡಿದರು: “ಕಳಕೊಂಡವರು ಎಲ್ಲೋ ಉಪಾಸ ಕುಂತಿರ್ತಾರ, ನಾವಿಲ್ಲಿ ಹೋಳಿಗಿ ತಿನ್ನೂಣೇನು? ಮನಿ ಮನಿಗೆ ಹೋಗಿ ಕೇಳಿ ಬರ್ರಿ!”

ಸುದ್ದಿ ಓಣಿಯೆಲ್ಲ ಹಬ್ಬಿತು. ಒಬ್ಬರು ಉಣ್ಣದಿದ್ದರೆ ಇನ್ನೊಬ್ಬರು ಹೇಗೆ ಉಂಡಾರು? ಒಲೆಗಳೆಲ್ಲ ಆರಿದವು. ಎದುರುಮನೆಯ ನೀಲವ್ವ ಬಾಯಲ್ಲಿದ್ದ ರೊಟ್ಟಿಯನ್ನೇ ನುಂಗಲೋ ಬೇಡವೋ ಎಂದು ಹಿಡಿದುಕೊಂಡು ಬಂದಳು. ಕಟ್ಟಿನ ಸಾರನ್ನು ಮೂರು ಸಲ ಕಾಸಿದೆ. ನಿಮ್ಮ ಅಪ್ಪ ಹೋಳಿಗೆಯ ಬುಟ್ಟಿಯನ್ನು ನೋಡುತ್ತಿದ್ದ ಪರಿ ಹುಡುಗಿಯನ್ನು ನೋಡಲಿಕ್ಕೆ ಬಂದವರದಾಗಿರಲಿಲ್ಲ.

ಗೌರವ್ವನವರು ಮಾತ್ರ ಬೆರಗಾಗಿದ್ದರು. “ಇಂಥಾ ನೇಮದ ಮನಿ ನಾ ಎಲ್ಲೂ ನೋಡಿಲ್ಲ ಬಿಡ್ರಿ.”

ಅಯ್ಯೋ! ಈಗ ನಿಜ ಹೇಳಿದರೆ ನೇಮವೂ ಹೋಯಿತು, ಸಂಬಂಧವೂ ಹೋಯಿತು. ಹೇಳದಿದ್ದರೆ ಸುಳ್ಳಿನ ಮೇಲೆ ಮಗಳ ಮದುವೆ, ಮೇಲಿಂದ ಊರೆಲ್ಲ ಉಪವಾಸ. ಅಷ್ಟರಲ್ಲಿ ಅತ್ತೆ, “ಯಾರೂ ಬರಲಿಲ್ಲಂದ್ರ ಬಾವ್ಯಾಗ ಬಿಡೂಣು,” ಎಂದರು. ಬಾವಿಗೇ! ನನ್ನ ಎರಡು ತಿಂಗಳು!

“ಅದು ನಂದ್ರಿ,” ಎಂದೆ.

“ನಿಂದು ಕೊಳ್ಳಾಗ ಐತಲ್ಲ!”

“ಅದು ಲಿಂಗ ಅಲ್ರಿ ಅತ್ತಿ. ಹೊಳಿ ಕಲ್ಲು. ನಾನ ತಿಕ್ಕೀನಿ.”

“ಮತ್ತ ಕುಡಗೋಲು?” ಎಂದರು ಅತ್ತೆ.

ನಾನು ಬಟ್ಟಲಿನಿಂದ ಕಲ್ಲು ತೆಗೆದು, ವಿಭೂತಿ ಒರೆಸಿ, ಅಂಗಳಕ್ಕೆ ಹೋಗಿ ಬಿಸಿಲಿಗೆ ಹಿಡಿದೆ. ನೆಲದ ಮೇಲೆ ಕಪ್ಪಗಿರುವ ಆ ಕಲ್ಲು ಸೂರ್ಯನ ಎದುರು ಕೆಂಪು. ಗೌರವ್ವನವರು ಕೈಯಿಂದ ಕಸಿದುಕೊಂಡು ಒಂದು ಕಣ್ಣು ಮುಚ್ಚಿ ನೋಡಿದರು. “ಯವ್ವಾ, ಬೆಲ್ಲದ ಪಾಕ ಆಗೇತಲ್ಲ! ಎಷ್ಟು ದಿನ ಹಿಡೀತು?”

“ಎರಡು ತಿಂಗಳ್ರಿ.”

ಅವರು ಮಗನ ಕಡೆ ತಿರುಗಿದರು. “ನನ್ನ ಮಗಾನೂ ಕಲ್ಲಽ ಅದಾನ್ರಿ. ಇಂಥಾಕಿ ಮಗಳಿಗೆ ಕೊಟ್ರ ಒಂದಿನ ಹೊಳದಾನು. ಏಳ್ರಿ ಊಟಕ್ಕ!”

ನೀಲವ್ವ ಅಲ್ಲೇ ರೊಟ್ಟಿ ನುಂಗಿದಳು.

ಮರುದಿನ ಮಧ್ಯಾಹ್ನ ಅತ್ತೆ ಅಡ್ಡಾಗಲಿಲ್ಲ. ಗೋಡೆ ಹಿಡಿದುಕೊಂಡು ಕೊಟ್ಟಿಗೆಗೆ ಬಂದು ನನ್ನ ಪಕ್ಕ ಕುಳಿತರು. “ಕೊಡಿಲ್ಲಿ ಒಂದು ಕಲ್ಲು. ಗಂಡನ್ನ ಕಳಕೊಂಡು ನನಗ ನಿನಗಿಂತ ಭಾಳ ವರ್ಷ ಆತು, ನಾನೂ ತಿಕ್ಕತೇನಿ,” ಎಂದರು. ಪರೆ ಬಂದ ಕಣ್ಣಿನ ಅವರ ಬೆರಳಿಗೆ ನನಗೆ ಕಾಣದ ಉಬ್ಬುತಗ್ಗುಗಳೂ ತಿಳಿಯುತ್ತಿದ್ದವು. ನನಗಿಂತ ಚೆನ್ನಾಗಿ ತಿಕ್ಕಿದರು ಎಂದು ಹೇಳಲು ಈಗಲೂ ಸ್ವಲ್ಪ ಹೊಟ್ಟೆಕಿಚ್ಚು.

ನಿಮ್ಮ ಅಪ್ಪನ ಉಂಗುರದಲ್ಲಿ ಇರುವುದು ಅದೇ ಕಪ್ಪು ಕಲ್ಲು. ಬಿಸಿಲಿಗೆ ಹಿಡಿದು ನೋಡಿ. ಈ ಹಾಳೆಗಳನ್ನು ಮಾತ್ರ ಗಂಟು ಕಟ್ಟಿ, ಒದ್ದೆಯಾಗದ ಕಡೆ, ಜೋಪಾನವಾಗಿಡಿ. ಬಚ್ಚಲ ಹತ್ತಿರ ಬೇಡ. ಬರೆದದ್ದು ಸರಿಯಾಗಲಿಲ್ಲವೆಂದು ಅಳಿಸಿ ಅಳಿಸಿ ಆಗಲೇ ಎರಡು ಕಡೆ ತೂತು ಮಾಡಿದ್ದೇನೆ. ನಾನು ತಿಕ್ಕಿದ ವಸ್ತುಗಳಲ್ಲಿ ತಿಕ್ಕಿದಷ್ಟೂ ಕೆಡುವುದು ಇದೊಂದೇ.