ಮೆಹೆರಾಜಳ ಹಸಿರು ಮುದ್ರೆ

ಶಟ್ಟೆವ್ವ ಮುರಗೋಡದಲ್ಲಿ ಮೆಹೆರಾಜಳ ಕಂಪ್ಯೂಟರ್ ಅಂಗಡಿಯ ಮೆಟ್ಟಿಲನ್ನು ಮೊದಲ ಸಲ ಹತ್ತಿದ ದಿನ, ಜೊತೆಗಿದ್ದ ಮಗಳು ರಾಣಿಯ ಮುಖದಲ್ಲಿ ಹಬ್ಬದ ಕಳೆಯಿತ್ತು. ಬೆಳಗಾವಿಯ ಆಸ್ಪತ್ರೆಯೊಂದಕ್ಕೆ ನರ್ಸ್ ಆಗಿ ಆಯ್ಕೆಯಾಗಿದ್ದಾಳೆಂದು ಇಮೇಲ್ ಬಂದಿತ್ತು. ಮೂಲ ಅಂಕಪಟ್ಟಿಗಳನ್ನೆಲ್ಲ ಅಂದೇ ಕೊರಿಯರ್ ಮಾಡಬೇಕೆಂದು ಅದರಲ್ಲಿ ಬರೆದಿತ್ತು.

ಮೆಹೆರಾಜ ಯಾವ ಇಮೇಲನ್ನೂ ಹಾಗೆಯೇ ಮುದ್ರಿಸಿ ಕೊಡುವವಳಲ್ಲ. ಅದರ ಒಳವಿವರ ತೆರೆದು, ಪತ್ರ ತಾನು ಹೇಳಿಕೊಂಡ ವಿಳಾಸದಿಂದಲೇ ಹೊರಟಿದೆಯೇ ಎಂದು ನೋಡುವಳು. ಬೇರೆಯವರ ವಿಳಾಸ ಹೊತ್ತು ಬಂದ ಪತ್ರ ಅಲ್ಲೇ ಸಿಕ್ಕಿಬೀಳುತ್ತಿತ್ತು. ಸರಿಯಿದ್ದರೆ ಕಾಗದದ ಮೂಲೆಗೆ ‘ಖರೆ’ ಎಂಬ ಹಸಿರು ಮುದ್ರೆ ಒತ್ತುವಳು. ಸುತ್ತಲಿನ ಊರವರಿಗೆ ಸರಕಾರದ ಮುದ್ರೆಗಿಂತ ಅದರ ಮೇಲೇ ಹೆಚ್ಚು ಭರವಸೆ.

ಈ ಪತ್ರವೂ ಎಲ್ಲ ಪರೀಕ್ಷೆಯಲ್ಲಿ ಪಾಸಾಯಿತು. ಮುದ್ರೆ ಬಿತ್ತು. ರಾಣಿ ಎದುರಿನ ಕೊರಿಯರ್ ಅಂಗಡಿಯಲ್ಲಿ ಅಂಕಪಟ್ಟಿಗಳನ್ನು ಕೊಟ್ಟು ಬಂದಳು.

ಶಟ್ಟೆವ್ವ ಮಾತ್ರ ಬೆಂಚಿನಿಂದ ಏಳಲಿಲ್ಲ. “ಅಲ್ಲವಾ ಮೆಹೆರಾಜ, ಬಾಯಿಲೆ ಯಾರರ ಕರದಾರೇನ?”

“ಪತ್ರನ ಬಂದೈತಲ್ರಿ ಅವ್ವಾರ.”

“ಲಗ್ನಪತ್ರಿಕಿನೂ ಬರತೈತಿ. ಮನಿಮಟಾ ಬಂದು ಕರೀಲಿಲ್ಲಂದ್ರ ನಾವು ಹೊಕ್ಕೇವೇನ?”

“ಯವ್ವಾ, ಇದು ಲಗ್ನ ಅಲ್ಲ, ನೌಕರಿ,” ಎಂದು ರಾಣಿ ನಕ್ಕಳು.

ಮೆಹೆರಾಜ ನಗಲಿಲ್ಲ. ತನ್ನ ನಿಕಾಹಕ್ಕೆ ಬರೀ ಕಾರ್ಡು ಕಳಿಸಿದ್ದಕ್ಕೆ ಸೋದರಮಾವ ಹತ್ತು ವರ್ಷ ಮಾತು ಬಿಟ್ಟದ್ದು ಅವಳಿಗೆ ನೆನಪಾಯಿತು. ಸಂದರ್ಶನದ ದಿನ ಆಸ್ಪತ್ರೆಯವರೇ ರಾಣಿಗೆ ಕೊಟ್ಟಿದ್ದ ಚೀಟಿಯನ್ನು ಕೇಳಿ ಪಡೆದು, ಅದರಲ್ಲಿದ್ದ ನಂಬರಿಗೆ ಫೋನ್ ಹಚ್ಚಿ, ಪತ್ರ ಬಂದ ವಿಳಾಸವನ್ನು ಓದಿ ಹೇಳಿದಳು.

“ನಾವಿನ್ನೂ ಯಾರನ್ನೂ ಆರಿಸಿಲ್ರಿ. ನಮ್ಮ ಇಮೇಲ್ ವಿಳಾಸನ ಬ್ಯಾರೆ,” ಎಂದಿತು ಅತ್ತಲಿನ ದನಿ.

ಮೆಹೆರಾಜ ರಾಣಿಯ ಕೈಹಿಡಿದು ರಸ್ತೆ ದಾಟಿದಳು. ಕೊರಿಯರ್ ಅಂಗಡಿಯ ಕಲ್ಮೇಶ ಚೀಲದ ಬಾಯಿ ಕಟ್ಟುತ್ತಿದ್ದ.

“ಒಮ್ಮೆ ಚೀಲಕ್ಕ ಹಾಕಿದ್ದು ತಗ್ಯಾಕ ಬರಂಗಿಲ್ಲಕ್ಕಾ.”

“ಕೊಟ್ಟಾಕಿ ಇಲ್ಲೇ ನಿಂತಾಳ. ರಸೀದಿ ನೋಡು, ಚೀಲ ಬಿಚ್ಚು.”

ಗೊಣಗುತ್ತಲೇ ಬಿಚ್ಚಿದ. ಲಕೋಟೆ ಕೈಸೇರಿದರೂ ರಾಣಿಯ ಕಣ್ಣು ತುಂಬಿತ್ತು. “ನೀವ ಖರೆ ಅಂದಿದ್ರಲ್ರಿ ಅಕ್ಕಾ.”

“ಪತ್ರ ಅದರಾಗಿದ್ದ ವಿಳಾಸದಿಂದನ ಬಂದಿತ್ತವಾ. ಆದ್ರ ಆ ಮನೀನ ಕಳ್ಳಂದು. ಬಾಗಲಕ್ಕ ಆಸ್ಪತ್ರಿ ಹೆಸರು ಬರಕೊಂಡು ಕುಂತಾನ. ಕಳ್ಳಗೂ ಒಂದು ವಿಳಾಸ ಇರತೈತಿ ಅನ್ನೂದು ನನಗ ಹೊಳೀಲಿಲ್ಲ.”

ಈಗ ಆ ಮುದ್ರೆ ಇಲ್ಲ. ಬೈಲಹೊಂಗಲದಲ್ಲಿ ಹೊಸದನ್ನು ಮಾಡಿಸಿದ್ದಾಳೆ: ‘ವಿಳಾಸ ನೋಡಿದೆ. ಕರೆದವರನ್ನು ಕೇಳಿರಿ.’ ಕಾಗದ ಕೊಡುವ ಮುನ್ನ, ಗಿರಾಕಿಗೆ ಮೊದಲೇ ಗೊತ್ತಿದ್ದ ನಂಬರಿಗೆ ತಾನೇ ಫೋನ್ ಹಚ್ಚುತ್ತಾಳೆ. ಅಂಗಡಿಯ ಮುಂದೆ ಸಾಲು ಉದ್ದವಾಗಿದೆ. ಅವಸರ ಮಾಡುವವರಿಗೆ ಬೆಂಚು ತೋರಿಸಿ, “ಕುಂದರ್ರಿ, ಬಾಯಿಲೆ ಕರೀಲಿ,” ಎನ್ನುತ್ತಾಳೆ.