ಲಂಡನ್ನಿಗೆ ಒಯ್ಯಬಾರದ ಅರ್ಧ ಕಾದಂಬರಿ

ಮೈಸೂರಿನ ಯಾದವಗಿರಿಯ ನಮ್ಮ ಮನೆಯಲ್ಲಿ ಒಂದು ಇಂಗ್ಲಿಷ್ ಕಾದಂಬರಿಯ ಮೊದಲರ್ಧ ಇದೆ. ಉಳಿದರ್ಧ ಹಿನಕಲ್‌ನಲ್ಲಿರುವ ನನ್ನ ಗೆಳೆಯನ ಮನೆಯಲ್ಲಿದೆ.

ಕಾಲೇಜಿನ ದಿನಗಳಲ್ಲಿ ಇಬ್ಬರೂ ಸೇರಿ ಕೊಂಡ ಪುಸ್ತಕ ಅದು. ಹಿಂದೆ ಇಂಗ್ಲೆಂಡಿನ ಪ್ರಕಾಶಕರು ನಮ್ಮಂಥ ದೇಶಗಳಿಗೆಂದೇ ಒರಟು ಕಾಗದದ ಅಗ್ಗದ ಪ್ರತಿಗಳನ್ನು ಅಚ್ಚು ಹಾಕಿಸುತ್ತಿದ್ದರು. ಅಂಥದೊಂದು ಪ್ರತಿ ಹಡಗಿನಲ್ಲಿ ಮದ್ರಾಸಿಗೂ ರೈಲಿನಲ್ಲಿ ಮೈಸೂರಿಗೂ ಬಂದು, ಯಾವನೋ ಇಂಗ್ಲಿಷ್ ದೊರೆಯ ಕಪಾಟಿನಲ್ಲಿದ್ದು, ಅವನು ಊರು ಬಿಟ್ಟಾಗ ಹರಾಜಾಗಿ, ಹತ್ತಾರು ಕೈ ದಾಟಿ, ಕೊನೆಗೆ ಫುಟ್‌ಪಾತಿನಲ್ಲಿ ಹಳೆಯ ಬೀಗಗಳ ಪಕ್ಕ ನಮಗೆ ಸಿಕ್ಕಿತು. ಒಬ್ಬ ಓದಿ ಮುಗಿಸುವವರೆಗೆ ಇನ್ನೊಬ್ಬ ಕಾಯಬಾರದೆಂದು ಬೈಂಡಿಂಗ್ ಅಂಗಡಿಯಲ್ಲಿ ಅದನ್ನು ನಡುವೆ ಕೊಯ್ಯಿಸಿ, ಬೇರೆ ಬೇರೆ ರಟ್ಟು ಹಾಕಿಸಿದೆವು. ನಮ್ಮ ಹಾಸ್ಟೆಲಿನಲ್ಲಿ ದಪ್ಪ ಪುಸ್ತಕಗಳಿಗೆಲ್ಲ ಇದೇ ಪದ್ಧತಿ. ಓದಿದ ಮೇಲೆ ಅದಲು ಬದಲು.

ತನ್ನ ಪಾಲಿಗೆ ಬಂದ ಎರಡನೆಯ ಅರ್ಧ ಓದಿದ ಗೆಳೆಯ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅದರಲ್ಲಿ ಯಾರನ್ನೋ ಗುಂಡಿಟ್ಟು ಕೊಂದಿದ್ದರಂತೆ. ಸತ್ತವನು ಬದುಕಿದ್ದ ಭಾಗವನ್ನು ಓದುವ ಧೈರ್ಯ ತನಗಿಲ್ಲವೆಂದು ನನ್ನರ್ಧವನ್ನು ಬೇಡವೆಂದ. ಅವನು ತೆಗೆದುಕೊಳ್ಳದ ಮೇಲೆ ಅವನದನ್ನು ನಾನು ತೆಗೆದುಕೊಳ್ಳುವುದು ಕ್ರಮವಲ್ಲ. ನಾನೂ ಬೇಡವೆಂದೆ. ಬಡವನನ್ನು ಕೊಂದರೂ ಕೇಳುವವರಿಲ್ಲ ಎಂಬ ಸಿಟ್ಟಿನಲ್ಲಿ ಅವನು ಲಾ ಕಾಲೇಜು ಸೇರಿದ. ಒಳ್ಳೆಯ ಕ್ರಿಮಿನಲ್ ವಕೀಲ ಎಂದು ಹೆಸರು ಮಾಡಿದ.

ಈಚೆಗೆ ಒಂದು ಬೆಳಿಗ್ಗೆ ಬಂದು, ಮುಂದಿನ ತಿಂಗಳು ಟೂರಿನವರ ಜೊತೆ ಲಂಡನ್ನಿಗೆ ಹೊರಟಿದ್ದೇನೆ ಎಂದ. ಆ ನೆಲದ ಮೇಲೆ ಕಾಲಿಡುವ ಮೊದಲು ಆ ಪಾಪದವನು ಯಾರು, ಅವನು ಮಾಡಿದ ತಪ್ಪೇನು ಎಂದು ಅವನಿಗೆ ತಿಳಿಯಲೇಬೇಕಿತ್ತು. ನನ್ನರ್ಧವನ್ನು ವಿಮಾನದಲ್ಲಿ ಓದುತ್ತಾನಂತೆ.

ಮೊದಲ ಪುಟ ತೆರೆದು ತೋರಿಸಿದೆ. ಈ ಪ್ರತಿ ಇಂಡಿಯಾ ಮತ್ತು ವಸಾಹತುಗಳಿಗೆ ಮಾತ್ರ, ಬ್ರಿಟನ್ನಿಗೆ ತರಕೂಡದು ಎಂದು ಅಚ್ಚಾಗಿತ್ತು.

ನನ್ನ ಹೆಂಡತಿ ಸೊಪ್ಪು ಬಿಡಿಸುತ್ತ ಕೂತಿದ್ದವಳು, "ಆ ರಾಜ್ಯಾನೇ ಹೋಯ್ತು ಕಣ್ರೀ, ನಿಮ್ಮ ಕಾನೂನು ಇನ್ನೂ ಹೋಗಿಲ್ವಾ?" ಎಂದಳು.

ರದ್ದಾಗಿದೆ ಎಂದು ಯಾರೂ ಬರೆದು ತಿಳಿಸಿಲ್ಲ ಎಂದೆ. ವಕೀಲ ಆ ಪುಟವನ್ನು ಎರಡು ಸಲ ಓದಿದ. ತನ್ನರ್ಧದಲ್ಲಿ ಇಂಥ ನಿಷೇಧವೇನೂ ಇಲ್ಲವೆಂದು ಗೊಣಗಿದ. ಕೊನೆಗೆ ಒಪ್ಪಂದವಾಯಿತು. ದಿನವೂ ವಾಕಿಂಗ್ ಮುಗಿಸಿ ಅವನು ನಮ್ಮ ಜಗಲಿಯಲ್ಲಿ ಕೂತು ನನ್ನರ್ಧ ಓದಬೇಕು, ಎದುರಿಗೆ ಕೂತು ನಾನು ಅವನರ್ಧ ಓದಬೇಕು. ತಿಂಡಿಗೆ ಕರೆದಾಗ ಎರಡನ್ನೂ ಮುಚ್ಚಬೇಕು.

ಮೂರನೆಯ ದಿನ ಅವನು ಕನ್ನಡಕ ತೆಗೆದ. ತನ್ನರ್ಧದಲ್ಲಿ ಗುಂಡಿಗೆ ಸತ್ತವನ ಹೆಸರು ಹೇಳಿ, "ಎಲ್ಲೋ ಇವ್ನು? ಇನ್ನೂ ಬರ್ಲೇ ಇಲ್ವಲ್ಲ" ಎಂದ.

"ಸಂತೇಲಿ ಕೊಂಡ್ಕೊಂಡು ಬರ್ತಾರಲ್ಲ, ಮುಂದಿನ ಅಧ್ಯಾಯದಲ್ಲಿ," ಎಂದೆ.

"ಕೊಂಡ್ಕೊಂಡ್ರಾ? ಗುಲಾಮನಾ?"

"ಕುದುರೆ ಕಣೋ."

ಅವನು ಕನ್ನಡಕ ಒರೆಸಿಕೊಂಡ. ಹುಲ್ಲಿನ ಮೇಲೆ ಮಲಗುತ್ತಿದ್ದ ಎಂದು ಬರೆದಿದ್ದರಿಂದ ತೀರ ಬಡವ ಎಂದುಕೊಂಡಿದ್ದನಂತೆ. ಯಜಮಾನನ ಹಿಂದೆಯೇ ಹೋಗುತ್ತಿದ್ದ ಎಂದಿದ್ದರಿಂದ ನಿಷ್ಠಾವಂತ ಎಂದುಕೊಂಡಿದ್ದನಂತೆ.

"ಬರೀ ಓಟ್ಸ್ ಹಾಕ್ತಿದ್ರು ಅಂತಿತ್ತು," ಎಂದ. "ಎಂಥಾ ಕಟುಕರು ಅಂದ್ಕೊಂಡಿದ್ದೆ."

"ಡಾಕ್ಟ್ರು ಹೇಳಿದ್ಮೇಲೆ ನೀವೂ ಅದ್ನೇ ತಿಂತಿದೀರಲ್ಲ ಅಣ್ಣಾ," ಎಂದಳು ನನ್ನ ಹೆಂಡತಿ.

ನಾವಿಬ್ಬರೂ ನಕ್ಕೆವು. ಅವನು ನಗಲಿಲ್ಲ. "ಅಂಗಾದ್ರೆ ನಾನು ಒಂದು ಕುದುರೆಗೋಸ್ಕರ ಲಾಯರ್ ಆಗ್ಬುಟ್ನಾ?" ಎಂದು ಕೇಳಿದ. ಅವನು ಉಳಿಸಿದ ಬಡವರೆಲ್ಲ ಮನುಷ್ಯರೇ ಎಂದೆ. ಅದು ಅವನ ಕಿವಿಗೆ ಬಿದ್ದಂತೆ ಕಾಣಲಿಲ್ಲ.

ಹೆಂಡತಿ ಒಳಗೆ ಹೋಗಿ ತಿಂಡಿಗೆ ಕರೆದಳು. ಒಪ್ಪಂದದಂತೆ ನಾನು ಪುಸ್ತಕ ಮುಚ್ಚಿದೆ. ಅವನು ಮುಚ್ಚದೆ ಎದ್ದು ನಿಂತು, ಇಲ್ಲದ ಕರಿಕೋಟನ್ನು ಸರಿಪಡಿಸಿಕೊಂಡ.

"ಕಾಲು ಮುರೀತು ಅಂತ ಗುಂಡು ಹೊಡೆದ್ರು. ಪಶುವೈದ್ಯರನ್ನ ಕರೆಸಿದ್ರಾ? ಇಲ್ಲ. ಕುದುರೆ ಆದ್ರೇನು, ಕೇಸ್ ಇದ್ದೇ ಇದೆ ಕಣೋ. ನೀನೇನಂತೀಯ?"

ನಾನು ಆ ಪುಟಕ್ಕೆ ಇನ್ನೂ ಬಂದಿಲ್ಲ, ಮುಂದಿನ ವಾರ ಬರುತ್ತದೆ, ಆಗ ಹೇಳುತ್ತೇನೆ ಎಂದೆ.